ಸೊಪ್ಪಿನಬೆಟ್ಟವನ್ನು ಕಾಡಿಗೆ ಬಿಟ್ಟರೆ ಅದು ಹಿಂತಿರುಗಿಸುವುದೋ, ಕೈಬಿಡುವುದೋ?

ಹುಲೇಕಲ್ ರಸ್ತೆ (ಶಿರಸಿ)

ಶಿರಸಿ, ಸಿದ್ದಾಪುರ, ಯಲ್ಲಾಪುರ ಕಡೆಯ ಅಡಿಕೆ ಬೆಳೆಗಾರರಿಗೆ ಸೊಪ್ಪಿನಬೆಟ್ಟದ ಪರಿಚಯ ಬೇಕಿಲ್ಲ. ಬೇರೆ ಕಡೆಯಿಂದ ಓದುವವರಿಗಾಗಿ ಇಷ್ಟು ಹೇಳುತ್ತೇನೆ. ಬ್ರಿಟಿಷರು ಇಲ್ಲಿಯ ಕಾಡನ್ನು ಸರ್ಕಾರದ ವಶಕ್ಕೆ ತೆಗೆದುಕೊಂಡಾಗ, ಗೊಬ್ಬರವಿಲ್ಲದೆ ಅಡಿಕೆ ತೋಟ ಉಳಿಯದೆಂಬುದನ್ನು ಒಪ್ಪಿ, ಘಟ್ಟದ ಮೇಲೆ ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಬೆಟ್ಟವನ್ನು ಸೊಪ್ಪು, ದರಕು (ಉದುರಿದ ಒಣ ಎಲೆ), ಹುಲ್ಲಿಗಾಗಿ ಬಿಟ್ಟುಕೊಟ್ಟರು. ಅಂದಿನಿಂದ ತಲೆಮಾರುಗಳ ಕಾಲ ಮತ್ತಿ, ಕಿಂದಳ, ಹೊನ್ನೆ ಮರಗಳ ಟೊಂಗೆ ಕಡಿದು, ಕೊಟ್ಟಿಗೆಗೆ ಹಾಸಿ, ಗೊಬ್ಬರ ಮಾಡಿ ತೋಟಕ್ಕೆ ಹೊತ್ತವರು ನಾವು. ಈಗ ಕೊಟ್ಟಿಗೆಯಲ್ಲಿ ದನವಿಲ್ಲ, ಮರ ಹತ್ತುವ ಆಳು ಸಿಗುವುದಿಲ್ಲ, ಗೊಬ್ಬರ ಚೀಲದಲ್ಲಿ ಬರುತ್ತದೆ.

ಬೆಂಗಳೂರಿನಲ್ಲಿರುವ ನನ್ನ ತಮ್ಮ ಒಂದು ಸಲಹೆ ಕೊಟ್ಟಿದ್ದಾನೆ. ಬೆಟ್ಟದ ಸುತ್ತ ಬೇಲಿ ಹಾಕಿ, ಕತ್ತಿ ಕೊಡಲಿ ಒಳಗೆ ಹೋಗದಂತೆ ಮಾಡಿ, ಅದನ್ನು ಅದರ ಪಾಡಿಗೆ ಬಿಟ್ಟುಬಿಡೋಣ, ಪ್ರಕೃತಿಯಿಂದ ಪಡೆದದ್ದನ್ನು ಪ್ರಕೃತಿಗೆ ಮರಳಿಸೋಣ ಎಂಬುದು ಅವನ ವಾದ. ಇದಕ್ಕೆ ಅವನು ಕೊಡುವ ಹೆಸರು ರಿವೈಲ್ಡಿಂಗ್. 1990ರ ದಶಕದಲ್ಲಿ ಅಮೆರಿಕದ ಸಂರಕ್ಷಣಾ ವಿಜ್ಞಾನಿಗಳು ಮುಂದಿಟ್ಟ ಈ ವಿಚಾರದ ಮೂಲರೂಪದಲ್ಲಿ ಮೂರು ಸಂಗತಿಗಳಿದ್ದವು: ಮನುಷ್ಯರ ಕೈಯಾಡದ ವಿಶಾಲ ಪ್ರದೇಶ, ಅಂಥ ಪ್ರದೇಶಗಳನ್ನು ಜೋಡಿಸುವ ಹಾದಿ, ಅಲ್ಲಿ ಓಡಾಡುವ ದೊಡ್ಡ ಬೇಟೆಪ್ರಾಣಿ. 1926ರ ಹೊತ್ತಿಗೆ ತೋಳಗಳನ್ನು ಕೊಂದು ಮುಗಿಸಿದ್ದ ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನಕ್ಕೆ 1995ರಲ್ಲಿ ಕೆನಡಾದಿಂದ ತೋಳಗಳನ್ನು ತಂದು ಬಿಟ್ಟ ಕಥೆಯನ್ನು ಇದರ ಪರವಾಗಿ ಎಲ್ಲರೂ ಹೇಳುತ್ತಾರೆ. ತಮ್ಮನೂ ಹೇಳಿದ.

ಅವನ ಸದುದ್ದೇಶದಲ್ಲಿ ನನಗೆ ಅನುಮಾನವಿಲ್ಲ. ಆದರೆ ನಮ್ಮ ಬೆಟ್ಟದ ಮರಗಳ ಆಕಾರವೇ ಕತ್ತಿಯಿಂದ ಬಂದದ್ದು. ಎಷ್ಟೋ ಬೇಣಗಳಲ್ಲಿ (ಹುಲ್ಲಿನ ಬಯಲುಗಳಲ್ಲಿ) ಹುಲ್ಲು ಉಳಿದಿರುವುದು ಕೊಯ್ದದ್ದರಿಂದ, ಮೇಯಿಸಿದ್ದರಿಂದ. ಹೀಗಿರುವಾಗ ಯಾವ ವರ್ಷದ ಕಾಡಿಗೆ ಇದನ್ನು ಮರಳಿಸಬೇಕು? ಸೊಪ್ಪು ಕಡಿಯುವುದಕ್ಕೆ ಮೊದಲಿನದಕ್ಕೋ, ಕಾಡು ಕಡಿದು ಸುಟ್ಟು ಬಿತ್ತುವ ಕುಮ್ರಿ ಬೇಸಾಯಕ್ಕೆ ಮೊದಲಿನದಕ್ಕೋ, ತೋಟವೇ ಇಲ್ಲದಿದ್ದ ಕಾಲದ್ದಕ್ಕೋ? ನಾವು ಸುಮ್ಮನೆ ಹಿಂದೆ ಸರಿದರೆ ಅದು ಪ್ರಕೃತಿಗೆ ತೋರಿಸಿದ ಗೌರವವೋ, ದಣಿದವರು ಹುಡುಕಿಕೊಂಡ ನೆಪವೋ? ಬಲ್ಲವರು ದಯವಿಟ್ಟು ಬರೆಯಿರಿ.

ಜಡ್ಡಿಗದ್ದೆ

ಬಿಟ್ಟರೆ ಏನಾಗುತ್ತದೆ ಎಂಬುದನ್ನು ಊಹಿಸಬೇಕಾಗಿಲ್ಲ, ಬಿಟ್ಟ ಬೆಟ್ಟಗಳು ನಮ್ಮ ಸುತ್ತ ಬೇಕಾದಷ್ಟಿವೆ. ಬೇರು ಗಟ್ಟಿಯಿದ್ದು, ಹತ್ತಿರದಲ್ಲೇ ಒಂದು ಕಾನು (ದಟ್ಟವಾದ ನಿತ್ಯಹರಿದ್ವರ್ಣ ಕಾಡು) ಇದ್ದು, ಹಕ್ಕಿಗಳು ಬೀಜ ತಂದು ಹಾಕುವ ಕಡೆ ಹತ್ತಾರು ವರ್ಷಗಳಲ್ಲಿ ಮುರುಗಲು, ಗುಳಮಾವು, ನೇರಳೆ, ಉಪ್ಪಾಗೆ ತಾವಾಗಿ ಬಂದದ್ದನ್ನು ನಾನು ನೋಡಿದ್ದೇನೆ. ಬೋಳಾಗಿ, ಮೇಲ್ಮಣ್ಣು ತೊಳೆದುಹೋಗಿ, ಪಕ್ಕದಲ್ಲಿ ಅಕೇಶಿಯಾ ನೆಡುತೋಪು ಇರುವ ಕಡೆ ಬಂದದ್ದು ಯುಪಟೋರಿಯಂ, ಲಂಟಾನದಂಥ ಕಳೆಗಳು, ಅವುಗಳ ನಡುವೆ ಅಕೇಶಿಯಾ ಸಸಿ. ಅಕೇಶಿಯಾ ಇಲ್ಲಿಗೆ ತಾನಾಗಿ ಬಂದದ್ದಲ್ಲ. ಸಾಮಾಜಿಕ ಅರಣ್ಯದ ಹೆಸರಿನಲ್ಲಿ 1980ರ ದಶಕದಿಂದ ಗುಡ್ಡಗುಡ್ಡಕ್ಕೆ ಅದನ್ನು ನೆಟ್ಟವರು ಮನುಷ್ಯರು. ನೆಡುವಾಗ ಕೈ ಹಾಕಿ, ಅದು ಹರಡುವಾಗ ‘ಪ್ರಕೃತಿಯ ಇಚ್ಛೆ’ ಎಂದು ಕೈ ಕಟ್ಟಿ ನಿಲ್ಲುವುದನ್ನು ನಾನು ನೈತಿಕತೆ ಎಂದು ಕರೆಯಲಾರೆ.

ಹಾಗೆಂದು ಕೈ ಹಾಕುವುದೆಲ್ಲ ಒಳ್ಳೆಯದೆಂದೂ ಅಲ್ಲ. ದಾಂಡೇಲಿಯ ಕಾಗದ ಕಾರ್ಖಾನೆಗೆ ಬಿದಿರು ಕಡಿಯುತ್ತಿದ್ದ ಕಾಲದ ಒಂದು ಸಂಗತಿ ಇಲ್ಲಿ ಮುಖ್ಯ. ಬಿದಿರು ಮೆಳೆಯ ಬುಡದಲ್ಲಿ ಹೆಣೆದುಕೊಂಡಿರುವ ಮುಳ್ಳನ್ನು ಸವರಿ ತೆಗೆದರೆ ಮೆಳೆ ಚೆನ್ನಾಗಿ ಬೆಳೆಯುತ್ತದೆ, ಕಡಿಯಲೂ ಸುಲಭ ಎಂದು ತಿಳಿದವರೇ ತೀರ್ಮಾನಿಸಿದ್ದರು. 1970ರ ದಶಕದಲ್ಲಿ ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳರು ಮತ್ತು ಅವರ ಸಂಗಡಿಗರು ಈ ಜಿಲ್ಲೆಯ ಬಿದಿರಿನ ಅಧ್ಯಯನಕ್ಕೆ ಬಂದಾಗ, ಮುಳ್ಳು ತೆಗೆದ ಮೇಲೆ ಬಿದಿರಿನ ಎಳೆ ಮೊಳಕೆಯಾದ ಕಳಲೆಯನ್ನು ದನಗಳೂ ಕಾಡುಪ್ರಾಣಿಗಳೂ ತಿಂದುಹಾಕುತ್ತವೆ ಎಂದು ಹಳ್ಳಿಯವರು ಹೇಳಿದರು, ಅಧ್ಯಯನವೂ ಅದನ್ನೇ ತೋರಿಸಿತು. ಕಾಡನ್ನು ತಿದ್ದಲು ಹೋಗುವವರೂ ಬಿಟ್ಟುಬಿಡಲು ಹೋಗುವವರೂ ಮೊದಲು ಅಲ್ಲಿ ಓಡಾಡಿಕೊಂಡಿರುವವರನ್ನು ಕೇಳಬೇಕು ಎಂಬುದಕ್ಕೆ ನಾನು ಇದನ್ನು ಹೇಳಿದೆ.

ಸಿದ್ದಾಪುರ ಕೋರ್ಟ್ ಎದುರು

ಚರ್ಚೆ ಮುಂದುವರಿಯುವ ಮೊದಲು ಒಂದು ಮಾತು. ಸೊಪ್ಪಿನಬೆಟ್ಟ ಬೆಳೆಗಾರನ ಸ್ವಂತ ಜಮೀನಲ್ಲ. ಅಲ್ಲಿ ಅವನಿಗಿರುವುದು ಸೌಲಭ್ಯ, ಭೂಮಿ ಅರಣ್ಯವೇ. ತನ್ನದಲ್ಲದ್ದನ್ನು ‘ಮರಳಿಸುತ್ತೇನೆ’ ಎನ್ನುವುದರಲ್ಲಿ ಸ್ವಲ್ಪ ತಮಾಷೆಯಿದೆ. ಆ ಬೆಟ್ಟದ ಮೂಲಕ ನೀರಿಗೆ, ಸೌದೆಗೆ, ದೇವರ ಬನಕ್ಕೆ ಹೋಗುವ ದಾರಿ ಇನ್ನೊಬ್ಬರಿಗೆ ಇರಬಹುದು. ಬೇಲಿಯ ಮಾತು ಬಂದಾಗ ಅದನ್ನು ನೆನಪಿಡಬೇಕು.

ಕುಮಟೆಯ ನಿವೃತ್ತ ಮಾಸ್ತರು

ತತ್ತ್ವಶಾಸ್ತ್ರ ಪಾಠ ಮಾಡಿದವನಾದ್ದರಿಂದ ಹುಲೇಕಲ್ ರಸ್ತೆಯವರು ಎತ್ತಿದ ಪ್ರಶ್ನೆಗಳನ್ನು ಒಂದರಿಂದ ಒಂದು ಬಿಡಿಸಿ ನೋಡಲು ಪ್ರಯತ್ನಿಸುತ್ತೇನೆ.

ಮೊದಲನೆಯದು ಮರಳಿ ಕಟ್ಟಿದ ಕಾಡಿನ ಬೆಲೆಯ ಪ್ರಶ್ನೆ. ಆಸ್ಟ್ರೇಲಿಯಾದ ತತ್ತ್ವಜ್ಞಾನಿ ರಾಬರ್ಟ್ ಎಲಿಯಟ್ 1982ರಲ್ಲಿ ಒಂದು ವಾದ ಮುಂದಿಟ್ಟರು. ಮಹಾ ಕಲಾವಿದನ ಚಿತ್ರವನ್ನು ಎಷ್ಟೇ ಕರಾರುವಾಕ್ಕಾಗಿ ನಕಲು ಮಾಡಿದರೂ ಅದು ಮೂಲಚಿತ್ರವಾಗುವುದಿಲ್ಲ, ಏಕೆಂದರೆ ಚಿತ್ರದ ಬೆಲೆಯಲ್ಲಿ ಅದು ಹುಟ್ಟಿದ ಬಗೆಯೂ ಸೇರಿದೆ. ಹಾಗೆಯೇ ಗಣಿ ಅಗೆದು ಹಾಳು ಮಾಡಿದ ಜಾಗದಲ್ಲಿ ಅದೇ ಗಿಡಮರಗಳನ್ನು ನೆಟ್ಟು ಮೊದಲಿನಂತೆ ಮಾಡಿದರೂ ಕಳೆದುಹೋದ ಬೆಲೆ ಪೂರ್ತಿಯಾಗಿ ಮರಳದು. ‘ಈಗ ಕಡಿಯೋಣ, ಆಮೇಲೆ ನೆಟ್ಟುಕೊಟ್ಟರಾಯಿತು’ ಎನ್ನುವವರ ಬಾಯಿ ಮುಚ್ಚಿಸಲು ಈ ವಾದ ಬಹಳ ಉಪಯುಕ್ತ. ಆದರೆ ಸಹ್ಯಾದ್ರಿಯ ಈ ಭಾಗಕ್ಕೆ ಇದನ್ನು ನೇರವಾಗಿ ಅನ್ವಯಿಸಲು ಬರುವುದಿಲ್ಲ. ಮನುಷ್ಯನ ಸಹಿಯಿಲ್ಲದ ಮೂಲಪ್ರತಿ ಇಲ್ಲಿ ಎಲ್ಲಿದೆ? ಸಿದ್ದಾಪುರ ತಾಲೂಕಿನ ಕತ್ತಲೆಕಾನನ್ನೇ ತೆಗೆದುಕೊಳ್ಳಿ. ಮಂಡಿ ಮಡಚಿದಂಥ ಬೇರುಗಳನ್ನು ಕೆಸರಿನಿಂದ ಮೇಲೆತ್ತುವ ರಾಂಪತ್ರೆ ಮರಗಳ ಜಡ್ಡಿಗಳು (ಜೌಗು ನೆಲಗಳು) ಅಲ್ಲಿವೆ. ಜಗತ್ತಿಗೆ 2000ದಲ್ಲಿ ಪರಿಚಯವಾಗಿ, ಆ ಕಾನಿನ ಹೆಸರನ್ನೇ ಹೊತ್ತ ಅಪರೂಪದ ಮರವೊಂದು ಅಲ್ಲಿದೆ. ಯಾರೂ ಕಾಲಿಡದ ಪುರಾತನ ಕಾಡು ಎಂದು ನೋಡಿದವರಿಗೆ ಅನ್ನಿಸುತ್ತದೆ. ಆದರೆ ಅದರ ಸುತ್ತಮುತ್ತಲೇ ಹಿಂದೆ ಕುಮ್ರಿ ನಡೆದಿತ್ತು. ಕೆಲವು ಭಾಗ ಉಳಿದದ್ದು ಅದನ್ನು ಕಡಿಯಬಾರದೆಂದು ಜನ ಕಟ್ಟುಪಾಡು ಮಾಡಿಕೊಂಡದ್ದರಿಂದ. ಕಡಿಯದಿರುವುದೂ ಒಂದು ಮಾನವ ಕರ್ಮ ಎಂಬುದು ನಮ್ಮ ಹಿರಿಯರಿಗೆ ತಿಳಿದಿತ್ತೆಂದು ಕಾಣುತ್ತದೆ. ಅದಕ್ಕೆ ಅವರು ದೇವರನ್ನು ಸಾಕ್ಷಿ ಇಟ್ಟರು, ದಂಡ ಗೊತ್ತುಮಾಡಿದರು, ವರ್ಷಕ್ಕೊಮ್ಮೆ ಹೋಗಿ ಪೂಜೆ ಮಾಡಿ ಬಂದರು.

ಎರಡನೆಯದು ಇದಕ್ಕಿಂತ ಕಠಿಣ. ಕಾಡನ್ನು ಅದರ ಪಾಡಿಗೆ ಬಿಡುವುದೆಂದರೆ ಅಲ್ಲಿಯ ಪ್ರಾಣಿಗಳ ಹಸಿವು, ರೋಗ, ಸಾವುಗಳನ್ನೂ ಅವುಗಳ ಪಾಡಿಗೆ ಬಿಡುವುದು. ಡಚ್ಚರು ಸಮುದ್ರದಿಂದ ಎತ್ತಿದ ನೆಲದಲ್ಲಿ, ಊಸ್ಟ್‌ವಾರ್ಡರ್ಸ್‌ಪ್ಲಾಸೆನ್ ಎಂಬ ಕಡೆ, ಸುಮಾರು 56 ಚದರ ಕಿಲೋಮೀಟರಿನ ಜೌಗುಭೂಮಿ ಇದೆ. ಗತಿಸಿದ ಕಾಡುದನಗಳ ಸ್ಥಾನದಲ್ಲಿ ಇರಲಿ ಎಂದು 1983ರಲ್ಲಿ ಹೆಕ್ ತಳಿಯ ದನಗಳನ್ನೂ, ಮರುವರ್ಷ ಕೋನಿಕ್ ಕುದುರೆಗಳನ್ನೂ, 1992ರಲ್ಲಿ ಕೆಂಜಿಂಕೆಗಳನ್ನೂ ಅಲ್ಲಿ ಬಿಟ್ಟರು. ಸುತ್ತ ಬೇಲಿ, ಒಳಗೆ ಬೇಟೆಪ್ರಾಣಿ ಇಲ್ಲ. ಹಿಂಡು ಬೆಳೆಯಿತು. 2017–18ರ ಚಳಿಗಾಲದಲ್ಲಿ ಮೇವು ಸಾಲದೆ 3,000ಕ್ಕೂ ಹೆಚ್ಚು ಪ್ರಾಣಿಗಳು ಸತ್ತವು. ಅವುಗಳಲ್ಲಿ ಬಹುಪಾಲನ್ನು, ಹೇಗೂ ಉಳಿಯಲಾರವೆಂದು, ಕಾವಲಿನವರೇ ಗುಂಡಿಟ್ಟು ಕೊಂದರು. ಊರಿನ ಜನ ಬೇಲಿಯ ಮೇಲಿಂದ ಒಣಹುಲ್ಲು ಎಸೆದು ಪ್ರತಿಭಟಿಸಿದರು. ವಿಜ್ಞಾನದ ದೃಷ್ಟಿಯಿಂದ ಅಲ್ಲಿ ಸಮುದಾಯ ಮುಖ್ಯ, ಒಂದೊಂದು ಜೀವ ಅಲ್ಲ. ಬೇಲಿಯ ಹೊರಗೆ ನಿಂತವರಿಗೆ ಎದುರಿಗೆ ಕಾಣುತ್ತಿದ್ದ ಪಕ್ಕೆಲುಬು ಮುಖ್ಯವಾಗಿತ್ತು. ಇಬ್ಬರೂ ತಪ್ಪಲ್ಲ. ಆದರೆ ನನ್ನ ಮಟ್ಟಿಗೆ ನಿರ್ಣಾಯಕವಾದದ್ದು ಬೇಲಿ. ಹಸಿದ ಪ್ರಾಣಿ ಬೇರೆ ಕಡೆ ಹೋಗದಂತೆ ತಡೆದವನು ಅದರ ಹಸಿವನ್ನು ‘ನೈಸರ್ಗಿಕ’ ಎಂದು ಕರೆಯುವ ಹಕ್ಕನ್ನು ಕಳೆದುಕೊಳ್ಳುತ್ತಾನೆ. ಕಾಡಿನ ಚಿರತೆ ಬೇಟೆ ಸಿಗದೆ ಸತ್ತರೆ ನಾವು ಹೊಣೆಗಾರರಲ್ಲದಿರಬಹುದು. ಬೋನಿನಲ್ಲಿ ಸತ್ತರೆ ಹೊಣೆಗಾರರೇ.

ಕಡಲಬದಿ (ಮುರ್ಡೇಶ್ವರ)

ಮಾಸ್ತರರ ಬೇಲಿಯ ಮಾತಿಗೆ ನಮ್ಮ ಕಡೆಯದೊಂದು ಉದಾಹರಣೆ. ನೇತ್ರಾಣಿಗೆ ಬೇಲಿ ಬೇಡ, ಸುತ್ತ ಕಡಲೇ ಇದೆ. ದಡದಿಂದ ಸುಮಾರು 19 ಕಿಲೋಮೀಟರ್ ದೂರದ ಆ ದ್ವೀಪಕ್ಕೆ ಹರಕೆ ಹೊತ್ತ ಮೀನುಗಾರರೂ ಭಕ್ತರೂ ಹೋಗಿ ಬಿಟ್ಟುಬಂದ ಆಡುಗಳು ಅಲ್ಲಿಯೇ ಮರಿ ಹಾಕಿ ಕಾಡು ಆಡುಗಳಾಗಿವೆ. ಬಿಳಿಹೊಟ್ಟೆಯ ಕಡಲ ಹದ್ದು ಗೂಡು ಕಟ್ಟುವ ದ್ವೀಪ ಅದು. ದ್ವೀಪದಲ್ಲಿ ಆಡು ಏನು ಮಾಡುತ್ತದೆ ಎಂಬುದು ಜಗತ್ತಿಗೆಲ್ಲ ಗೊತ್ತಿರುವ ಸಂಗತಿ: ಚಿಗುರು ಉಳಿಯುವುದಿಲ್ಲ, ಮರಕ್ಕೆ ಮಕ್ಕಳಾಗುವುದಿಲ್ಲ. ಗಲಾಪಗೋಸ್ ದ್ವೀಪಗಳಲ್ಲಿ 1997ರಿಂದ 2006ರವರೆಗೆ ಒಂದು ಲಕ್ಷಕ್ಕೂ ಹೆಚ್ಚು ಆಡುಗಳನ್ನು, ಹೆಲಿಕಾಪ್ಟರ್‌ನಿಂದಲೂ ಗುಂಡು ಹಾರಿಸಿ, ಕೊಂದು ಮುಗಿಸಿದರು. ಆಡುಗಳು ಹಿಂಡು ಬಿಟ್ಟು ಇರಲಾರವು ಎಂಬುದನ್ನೇ ಬಳಸಿಕೊಂಡು, ಒಂದು ಆಡಿನ ಕೊರಳಿಗೆ ರೇಡಿಯೋ ಪಟ್ಟಿ ಕಟ್ಟಿ ಬಿಟ್ಟು, ಅದು ಹೋಗಿ ಸೇರಿದ ಗುಂಪನ್ನು ಹುಡುಕಿ ಕೊಂದರು. ಗಿಡಗಳು ಚಿಗುರಿದವು, ಅಲ್ಲಿಯ ದೈತ್ಯ ಆಮೆಗಳಿಗೆ ಮೇವು ಸಿಕ್ಕಿತು, ಕೆಲಸ ಯಶಸ್ವಿಯಾಯಿತು ಎಂದು ಎಲ್ಲರೂ ಒಪ್ಪುತ್ತಾರೆ.

ನೇತ್ರಾಣಿಯಲ್ಲಿ ಹಾಗೆ ಮಾಡಿ ಎಂದು ನಾನು ಹೇಳುತ್ತಿಲ್ಲ. ಹರಕೆಯ ಪ್ರಾಣಿಗೆ ಗುಂಡು ಹೊಡೆಯುತ್ತೇವೆ ಎಂದರೆ ನಮ್ಮ ಬಂದರಿನಲ್ಲಿ ಯಾರೂ ದೋಣಿ ಕೊಡುವುದಿಲ್ಲ, ನಾನೂ ಕೊಡುವುದಿಲ್ಲ. ಆದರೆ ಆಡು ದ್ವೀಪಕ್ಕೆ ಈಜಿಕೊಂಡು ಬಂದದ್ದಲ್ಲ. ಅಲ್ಲಿ ‘ಕೈ ಹಾಕದಿರುವುದು’ ಎಂದರೆ ಹಿಂದೆ ಕೈ ಹಾಕಿದವರ ತೀರ್ಮಾನವನ್ನು ಪ್ರತಿವರ್ಷ ಒಪ್ಪುತ್ತ ಹೋಗುವುದು ಎಂದೇ ಅರ್ಥ. ಹೊಸ ಆಡು ಬಿಡದೆ, ಇರುವುವನ್ನು ಹಿಡಿದು ದಡಕ್ಕೆ ತಂದು ದೇವಸ್ಥಾನದ ಹೆಸರಿನಲ್ಲೇ ಸಾಕಲು ಆಗದೇ ಎಂದು ಒಮ್ಮೆ ಹಿರಿಯರ ಮುಂದೆ ಕೇಳಿದ್ದೆ. ನಕ್ಕರು, ಆದರೆ ಇಲ್ಲವೆಂದು ಯಾರೂ ಹೇಳಲಿಲ್ಲ.

ಜೊಯಿಡಾ ಕಡೆಯವನು

ಆಡಿನ ಬಗ್ಗೆ ಇಷ್ಟು ಎಚ್ಚರದಿಂದ ಯೋಚಿಸುವವರು ಇದ್ದಾರೆಂದು ತಿಳಿದು ಸಂತೋಷವಾಯಿತು. ಇನ್ನು ಮನುಷ್ಯರ ಬಗ್ಗೆ ಸ್ವಲ್ಪ ಮಾತಾಡೋಣ.

ನಾವು ಕುಣಬಿಗಳು. ದಾಂಡೇಲಿ–ಅಣಶಿ ಹುಲಿ ಸಂರಕ್ಷಿತ ಪ್ರದೇಶ ಘೋಷಣೆಯಾದದ್ದು 2007ರಲ್ಲಿ, ಅದಕ್ಕೆ ಕಾಳಿ ನದಿಯ ಹೆಸರಿಟ್ಟದ್ದು 2015ರಲ್ಲಿ. ಅದಕ್ಕೂ ಬಹಳ ಹಿಂದೆ ನಮ್ಮವರ ಕುಮ್ರಿಯನ್ನು ಬ್ರಿಟಿಷರು ನಿಲ್ಲಿಸಿದ್ದರು. ಆಮೇಲೆ ಸೂಪಾ ಅಣೆಕಟ್ಟಿಗೆ ಹಳೆಯ ಸೂಪಾ ಪಟ್ಟಣವೂ ಸುತ್ತಲಿನ ಹಳ್ಳಿಗಳೂ ಮುಳುಗಿದವು. ಕೊಡಸಳ್ಳಿ, ಕದ್ರಾ ಅಣೆಕಟ್ಟುಗಳು ಬಂದವು, ಕೈಗಾ ಅಣುವಿದ್ಯುತ್ ಸ್ಥಾವರ ಬಂತು. ಪ್ರತಿ ಸಲವೂ ನಾಡಿನ ಹಿತ ಎಂದರು. ಈಗ ಸ್ವಇಚ್ಛೆಯ ಪುನರ್ವಸತಿ ಎನ್ನುತ್ತಾರೆ. ಕುಟುಂಬಕ್ಕೆ 10 ಲಕ್ಷ ಇದ್ದದ್ದು 2021ರಲ್ಲಿ 15 ಲಕ್ಷವಾಗಿದೆ. ಕೆಲವರು ಹೋದರು, ಅವರನ್ನು ನಾನು ದೂರುವುದಿಲ್ಲ. ರಸ್ತೆಯಿಲ್ಲದ, ಆಸ್ಪತ್ರೆಗೆ ರೋಗಿಯನ್ನು ಹೊತ್ತುಕೊಂಡು ನಡೆಯಬೇಕಾದ ಊರಿನಲ್ಲಿ ಕುಳಿತವನ ಇಚ್ಛೆ ಎಷ್ಟು ಸ್ವಂತದ್ದು ಎಂದು ಮಾತ್ರ ಕೇಳುತ್ತೇನೆ. ಅರಣ್ಯ ಹಕ್ಕು ಕಾಯ್ದೆ 2006ರಲ್ಲಿ ಬಂದಾಗ, ನಮ್ಮಂತೆ ಪರಿಶಿಷ್ಟ ಪಂಗಡದ ಪಟ್ಟಿಯಲ್ಲಿಲ್ಲದವರು ಮೂರು ತಲೆಮಾರಿನ, ಅಂದರೆ 75 ವರ್ಷಗಳ ವಾಸವನ್ನು ತೋರಿಸಬೇಕು ಎಂದಿತು. ಕುಮ್ರಿಗಾಗಿ ಜಾಗ ಬದಲಿಸುತ್ತ ಬದುಕಿದವರು ಯಾವ ಕಾಗದ ತೋರಿಸಬೇಕು?

ಮಧ್ಯಪ್ರದೇಶದ ಕುನೋದ ಕಥೆಯನ್ನು ಇಲ್ಲಿ ಯಾರೂ ಹೇಳದಿರುವುದು ಆಶ್ಚರ್ಯ. ಗುಜರಾತಿನ ಗಿರ್‌ನ ಸಿಂಹಗಳಿಗೆ ಎರಡನೆಯ ಮನೆ ಬೇಕೆಂದು ಅಲ್ಲಿಯ 24 ಹಳ್ಳಿಗಳನ್ನು ತೆರವು ಮಾಡಿಸಿದರು, ಹೊರಗೆ ಹೋದವರಲ್ಲಿ ಹೆಚ್ಚಿನವರು ಸಹರಿಯಾ ಆದಿವಾಸಿ ಜನ. ಸಿಂಹ ಕಳುಹಿಸಿ ಎಂದು 2013ರಲ್ಲಿ ಸುಪ್ರೀಂ ಕೋರ್ಟ್ ಹೇಳಿದರೂ ಸಿಂಹ ಬರಲಿಲ್ಲ. 2022ರ ಸೆಪ್ಟೆಂಬರಿನಲ್ಲಿ ನಮೀಬಿಯಾದಿಂದ ಎಂಟು ಚೀತಾಗಳು ಬಂದವು, ಮರುವರ್ಷ ದಕ್ಷಿಣ ಆಫ್ರಿಕಾದಿಂದ ಇನ್ನೂ ಹನ್ನೆರಡು. ಒಂದು ಪ್ರಾಣಿಯ ಹೆಸರಿನಲ್ಲಿ ಊರು ಬಿಟ್ಟವರ ಜಾಗಕ್ಕೆ ಇನ್ನೊಂದು ಪ್ರಾಣಿ ವಿಮಾನದಲ್ಲಿ ಬಂದಿಳಿಯಿತು. ಊರು ಬಿಟ್ಟವರನ್ನು ಎರಡನೆಯ ಸಲ ಯಾರಾದರೂ ಕೇಳಿದರೇ?

ಇನ್ನೊಂದು ವಿಷಯ ತಿಳಿದವರೇ ಹೇಳಲಿ. ಜನರನ್ನು ಹೊರಗೆ ಕಳುಹಿಸಿದ ಮೇಲೆ ಅವರ ಗದ್ದೆಬಯಲು ಜಿಂಕೆಗಳಿಗೆ ಒಳ್ಳೆಯ ಹುಲ್ಲುಗಾವಲಾಗುತ್ತದೆ; ಮಧ್ಯಪ್ರದೇಶದ ಹುಲಿಕಾಡು ಕಾನ್ಹಾದ ಹೆಸರಾಂತ ಹುಲ್ಲುಗಾವಲುಗಳಲ್ಲಿ ಹಲವು ಹಳೆಯ ಊರುಗಳ ಜಾಗ. ಅದು ಹುಲ್ಲುಗಾವಲಾಗಿಯೇ ಉಳಿಯಬೇಕೆಂದರೆ ಗಿಡಗಂಟಿ ಕೀಳಿಸಬೇಕು, ಕಳೆ ತೆಗೆಸಬೇಕು, ಅದಕ್ಕೆ ಕೂಲಿಗೆ ಜನ ಬೇಕು. ನೇಗಿಲು ಹಿಡಿದು ಅಲ್ಲಿದ್ದವನು ಅತಿಕ್ರಮಣಕಾರ, ದಿನಗೂಲಿಗೆ ಬಂದು ಕಳೆ ಕಿತ್ತವನು ಸಂರಕ್ಷಣೆಯ ಕಾರ್ಮಿಕ. ಎರಡೂ ಕಡೆ ಮನುಷ್ಯನ ಕೈ ಇದೆ. ಕೈ ಯಾರದು, ಮಾತು ಯಾರದು ನಡೆಯುತ್ತದೆ ಎಂಬುದಷ್ಟೇ ಬದಲಾಯಿತು.

ಕುಮಟೆಯ ನಿವೃತ್ತ ಮಾಸ್ತರು

ಜೊಯಿಡಾದವರ ಕೊನೆಯ ಮಾತಿನಲ್ಲಿ ತತ್ತ್ವಶಾಸ್ತ್ರದ ತರಗತಿಗೆ ಸಾಕಾಗುವಷ್ಟು ವಿಷಯವಿದೆ. ಒಂದು ಕಡೆ ಮಾತ್ರ ನನಗೆ ಭಿನ್ನಾಭಿಪ್ರಾಯ. ಅನ್ಯಾಯ ನಡೆದ ರೀತಿಯಿಂದ ಹುಲಿಗೆ ವಿಶಾಲವಾದ, ಅಡ್ಡಿಯಿಲ್ಲದ ಜಾಗ ಬೇಕೆಂಬ ಸತ್ಯ ಸುಳ್ಳಾಗುವುದಿಲ್ಲ. ಕಾಳಿ ಕಣಿವೆಯ ಕಾಡು ಗೋವಾದ ಕಾಡಿಗೂ ಭೀಮಗಡಕ್ಕೂ ಕೂಡಿಕೊಂಡಿರುವುದು ದೊಡ್ಡ ಸಂಪತ್ತು. ಹುಲಿಗೆ ಅರ್ಜಿ ಬರೆಯಲು ಬರುವುದಿಲ್ಲ, ಅದರ ಪರವಾಗಿ ಮಾತಾಡುವವರೂ ಬೇಕು.

ಜೊಯಿಡಾ ಕಡೆಯವನು

ಹುಲಿಯ ಪರವಾಗಿ ಮಾತಾಡಲು ಬಹಳ ಜನ ಇದ್ದಾರೆ, ಮಾಸ್ತರರೇ. ನಮ್ಮ ಕಡೆ ಹುಲಿಗೆ ಗುಡಿಯೂ ಇದೆ, ನಾವೂ ಕೈ ಮುಗಿಯುತ್ತೇವೆ. ಹುಲಿ ಬೇಡ ಎಂದು ನಾನು ಎಲ್ಲಿಯೂ ಬರೆದಿಲ್ಲ.

ತದಡಿ ದಕ್ಕೆ

ಘಟ್ಟದ ಮೇಲಿನ ಚರ್ಚೆಯಲ್ಲಿ ಹೊಳೆಯ ಬಾಯಿ ಮರೆತುಹೋಗಬಾರದು. ಅಘನಾಶಿನಿಗೆ ಅಣೆಕಟ್ಟಿಲ್ಲ. ಅದರ ಅಳಿವೆಗೆ 2024ರಲ್ಲಿ ಮಹತ್ವದ ಜೌಗುಭೂಮಿಗಳಿಗೆ ಕೊಡುವ ಅಂತರರಾಷ್ಟ್ರೀಯ ರಾಮ್ಸರ್ ಮಾನ್ಯತೆಯೂ ಸಿಕ್ಕಿತು. ಇಲ್ಲಿ ಕೆಲವು ವರ್ಷಗಳಿಂದ ಕಾಂಡ್ಲಾ (ಮ್ಯಾಂಗ್ರೋವ್) ನೆಡುವ ಕೆಲಸ ನಡೆಯುತ್ತಿದೆ. ಕಾಂಡ್ಲಾ ದಡ ಕಾಯುತ್ತದೆ, ಮೀನು ಸಿಗಡಿಗಳಿಗೆ ಮರಿ ಮಾಡಲು ಜಾಗ ಕೊಡುತ್ತದೆ, ಎಲ್ಲ ನಿಜ. ಆದರೆ ಇಳಿತದಲ್ಲಿ ತೆರೆದುಕೊಳ್ಳುವ ಬೋಳು ಕೆಸರು ಮತ್ತು ಮರಳಿನ ದಿಬ್ಬ ಖಾಲಿ ಜಾಗವಲ್ಲ. ಅದು ಬಳಚು ಎಂಬ ಚಿಪ್ಪುಜೀವಿಯ ಮನೆ. ಸಾವಿರಾರು ಜನ, ಅವರಲ್ಲಿ ಎಷ್ಟೋ ಹೆಂಗಸರು, ಸೊಂಟದ ಮಟ್ಟದ ನೀರಿನಲ್ಲಿ ನಿಂತು ಬಳಚು ಆರಿಸಿ ಮನೆ ನಡೆಸುತ್ತಾರೆ. ವಲಸೆ ಹಕ್ಕಿಗಳು ಇಳಿಯುವುದೂ ಆ ಬಯಲಿಗೇ. ಹಸಿರಾಗಿ ಕಂಡದ್ದು ಮಾತ್ರ ಪ್ರಕೃತಿ ಎಂಬ ಅಭ್ಯಾಸ ನಗರದವರಲ್ಲಿ ಮಾತ್ರವಲ್ಲ, ಇಲಾಖೆಯಲ್ಲಿಯೂ ಇದೆ.

ಅಳಿವೆಯ ಅಂಚಿನ ಗದ್ದೆಯಾದ ಗಜನಿಯದ್ದು ಇನ್ನೂ ಸಿಕ್ಕಾದ ವಿಷಯ. ಮಳೆಗಾಲದಲ್ಲಿ ಉಪ್ಪುನೀರನ್ನೂ ನೆರೆಯನ್ನೂ ತಡೆದುಕೊಳ್ಳುವ ಕಗ್ಗ ಭತ್ತ, ಕೊಯ್ಲಾದ ಮೇಲೆ ಅದೇ ಗದ್ದೆಗೆ ಉಬ್ಬರದ ನೀರು ಬಿಟ್ಟು ಸಿಗಡಿ, ಮೀನು. ಊರವರು ಕೂಡಿ ಮಣ್ಣಿನ ಕಟ್ಟೆ ಕಟ್ಟಿ, ಕೂಡಿ ಕಾಯ್ದ ವ್ಯವಸ್ಥೆ ಅದು. ಕಟ್ಟೆ ಕಾಯುವವರಿಲ್ಲದೆ ಒಡೆದುಹೋದ ಗಜನಿಗಳಿಗೆ ಈಗ ಕಾಂಡ್ಲಾ ತಾನಾಗಿ ನುಗ್ಗುತ್ತಿದೆ. ನೋಡಲು ಬಂದವರು ‘ಪ್ರಕೃತಿ ಮರಳಿ ಬಂತು’ ಎಂದು ಫೋಟೋ ತೆಗೆಯುತ್ತಾರೆ. ಅಲ್ಲಿ ಕಗ್ಗದ ಬೀಜ ಹೋಯಿತು, ಕೂಡಿ ದುಡಿಯುವ ರೂಢಿ ಹೋಯಿತು. ಒಂದು ಭತ್ತದ ತಳಿ ಅಳಿದರೆ ಅದು ಜೀವವೈವಿಧ್ಯದ ನಷ್ಟವಲ್ಲವೇ, ಅಥವಾ ಮನುಷ್ಯ ಬೆಳೆಸಿದ್ದೆಂಬ ಕಾರಣಕ್ಕೆ ಅದರ ಲೆಕ್ಕ ಬೇರೆಯೇ? ಇದಕ್ಕೆ ಮಾಸ್ತರರ ಉತ್ತರ ಕೇಳುವ ಆಸೆ ನನಗಿದೆ.

ಕುಮಟೆಯ ನಿವೃತ್ತ ಮಾಸ್ತರು

ಲೆಕ್ಕ ಬೇರೆಯಲ್ಲ ಎಂದೇ ನನ್ನ ಉತ್ತರ. ಆದರೆ ಕಗ್ಗ ಉಳಿಯಬೇಕೆಂದರೆ ಅದನ್ನು ಬಿತ್ತುವವನು ಉಳಿಯಬೇಕು. ಕಾಂಡ್ಲಾಕ್ಕೆ ಆ ಹಂಗಿಲ್ಲ. ನಮ್ಮ ಒಲವು ಸುಲಭವಾಗಿ ಕಾಂಡ್ಲಾದ ಕಡೆ ವಾಲುವುದಕ್ಕೆ ಅದರ ಅಗ್ಗದ ಬೆಲೆಯೂ ಒಂದು ಕಾರಣವೆಂದು ನನ್ನ ಗುಮಾನಿ.

ಸಿದ್ದಾಪುರ ಕೋರ್ಟ್ ಎದುರು

ಅಗ್ಗ ಯಾರಿಗೆ ಎಂಬುದನ್ನೂ ಸೇರಿಸಿ. ಬೆಟ್ಟ ದಟ್ಟವಾದರೆ ಕಾಡುಕೋಣ ತೋಟದ ಅಂಚಿಗೆ ಬರುತ್ತದೆ, ಮಂಗ ಎಳೆ ಅಡಿಕೆಯನ್ನು ಉದುರಿಸುತ್ತದೆ. ಬೆಂಗಳೂರಿನ ತಮ್ಮನಿಗೆ ಬೇಲಿಯ ಖರ್ಚು ಒಂದು ಸಲ, ಪಕ್ಕದ ತೋಟದವನಿಗೆ ನಷ್ಟ ಪ್ರತಿವರ್ಷ. ಮಂಗನ ಕಾಯಿಲೆಯ ಮಾತು ಬೇರೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಆ ರೋಗ ನಮ್ಮ ತಾಲೂಕಿಗೂ ಬಂದು ಜೀವ ತೆಗೆದಿದೆ. ರೋಗ ಹರಡುವ ಉಣುಗು (ಉಣ್ಣೆ) ಕಚ್ಚುವುದು ದರಕು ಗುಡಿಸಲು, ಸೌದೆ ತರಲು ಹೋದವರಿಗೆ. ಕಾಡಂಚನ್ನು ನಾವು ಕೆದಕಿದ್ದರಿಂದಲೇ ಈ ರೋಗ ಹೀಗೆ ಹಬ್ಬಿತು ಎನ್ನುವವರಿದ್ದಾರೆ, ಇರಬಹುದು. ಆದರೆ ಆ ಕಾರಣಕ್ಕೆ ಈಗ ಸುಮ್ಮನೆ ಬಿಟ್ಟರೆ ರೋಗವೂ ಸುಮ್ಮನಾಗುತ್ತದೆ ಎಂಬ ಖಾತರಿಯನ್ನು ಯಾರೂ ಕೊಟ್ಟಿಲ್ಲ.

ಜಡ್ಡಿಗದ್ದೆ

ಸಿದ್ದಾಪುರ ಕೋರ್ಟ್ ಎದುರಿನ ವಕೀಲರು ಹೇಳಿದ್ದು ಸರಿ. ಆದರೂ ಚರ್ಚೆ ಪೂರ್ತಿಯಾಗಿ ‘ಮನುಷ್ಯನಿಲ್ಲದೆ ಏನೂ ಆಗದು’ ಎಂಬ ಕಡೆಗೆ ಜಾರುತ್ತಿರುವುದು ನನಗೆ ಹಿಡಿಸುತ್ತಿಲ್ಲ. ನಾವು ಹಿಂದೆ ಸರಿಯಲೇಬೇಕಾದ ಜಾಗಗಳೂ ಇವೆ. ಉಪ್ಪಾಗೆಯನ್ನೇ ನೋಡಿ. ಸಿಂಗಳೀಕಕ್ಕೆ ಅದು ಮುಖ್ಯ ಆಹಾರ. ಗುತ್ತಿಗೆದಾರರ ಅವಸರಕ್ಕೆ ಹಣ್ಣಾಗುವ ಮೊದಲೇ ಕಾಯಿ ಕೊಯ್ದರೆ ಪ್ರಾಣಿಗೂ ಇಲ್ಲ, ಬೀಜಕ್ಕೂ ಇಲ್ಲ. 2011ರಲ್ಲಿ ಅಘನಾಶಿನಿ ಕಣಿವೆಯಲ್ಲಿ ಸಿಂಗಳೀಕ ಸಂರಕ್ಷಣಾ ಮೀಸಲು ಆದಾಗ ಜನರನ್ನು ಎಬ್ಬಿಸಲಿಲ್ಲ. ಹಾಗಾಗಿಯೇ ಇಂಥ ವಿಷಯವನ್ನು ಊರಿನವರೊಂದಿಗೆ ಕೂತು ಮಾತಾಡಲು ಸಾಧ್ಯವಾಯಿತು. ಹಣ್ಣಾಗಿ ಬಿದ್ದದ್ದನ್ನು ಮಾತ್ರ ಆರಿಸುವುದು, ಒಂದು ಪಾಲು ಮರದಲ್ಲೇ ಬಿಡುವುದು. ಇದು ಪೂರ್ತಿ ಕೈ ಬಿಡುವುದೂ ಅಲ್ಲ, ಪೂರ್ತಿ ಕೈ ಹಾಕುವುದೂ ಅಲ್ಲ.

ಕತ್ತಲೆಕಾನಿನ ಆ ಅಪರೂಪದ ಮರದ ಬೀಜ ತಂದು ಸಸಿ ಮಾಡಿ ತಕ್ಕ ಜಡ್ಡಿಗಳಲ್ಲಿ ನೆಡುವ ಕೆಲಸವನ್ನು ಶಿರಸಿಯ ಅರಣ್ಯ ಮಹಾವಿದ್ಯಾಲಯದವರು ಮಾಡಿದ್ದಾರೆ. ಅದು ನಕಲಿಯೋ ಅಸಲಿಯೋ ಎಂಬ ಎಲಿಯಟ್ ಅವರ ಪ್ರಶ್ನೆಯನ್ನು ಆ ಸಸಿಯ ಮುಂದೆ ನಿಂತು ಕೇಳಲು ನನಗೆ ಮನಸ್ಸಾಗದು. ನೆಟ್ಟವರು ಮರುವರ್ಷ ಹೋಗಿ ನೋಡುತ್ತಾರೋ ಇಲ್ಲವೋ ಎಂಬುದನ್ನು ಖಂಡಿತ ಕೇಳುತ್ತೇನೆ. ನೆಡುವ ದಿನದ ಫೋಟೋ ಎಲ್ಲರ ಬಳಿಯೂ ಇರುತ್ತದೆ. 1983ರ ಸೆಪ್ಟೆಂಬರಿನಲ್ಲಿ ಸಾಲ್ಕಣಿಯವರು ಕಳಸೆ ಕಾಡಿಗೆ ಹೋಗಿ ಮರ ಅಪ್ಪಿಕೊಂಡದ್ದನ್ನು ನಾವೆಲ್ಲ ಹೆಮ್ಮೆಯಿಂದ ಹೇಳುತ್ತೇವೆ. ಅಪ್ಪಿಕೋ ಚಳವಳಿ ಕಡಿಯುವುದನ್ನು ತಡೆದು ಅಲ್ಲಿಗೇ ನಿಲ್ಲಲಿಲ್ಲ, ಉಳಿಸುವುದು, ಬೆಳೆಸುವುದು, ಬಳಸುವುದು ಎಂಬ ಮೂರನ್ನೂ ಒಟ್ಟಿಗೆ ಹೇಳಿತು. ಬಳಸುವುದು ಎಂಬ ಮೂರನೆಯದನ್ನು ಹೊರಗಿನವರು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ.

ಹುಲೇಕಲ್ ರಸ್ತೆ (ಶಿರಸಿ)

ಇಷ್ಟು ವಿವರವಾದ ಉತ್ತರಗಳನ್ನು ನಿರೀಕ್ಷಿಸಿರಲಿಲ್ಲ, ಎಲ್ಲರಿಗೂ ನಮಸ್ಕಾರ. ಜೊಯಿಡಾದವರ ಮಾತನ್ನು ತಮ್ಮನಿಗೆ ಓದಿಸಿದೆ. ಅವನು ಒಂದು ಪ್ರಶ್ನೆ ಹಾಕಿದ: ‘ಹಾಗಾದರೆ ನೀನು ಸೊಪ್ಪು ಕಡಿಯುವುದನ್ನು ನಿಲ್ಲಿಸಬಾರದೇ? ಕಡಿಯುವುದೇ ಧರ್ಮವೇ?’ ಹಾಗಲ್ಲವೆಂದು ಹೇಳಿದೆ. ನಿಲ್ಲಿಸುವುದಾದರೆ ನಿಲ್ಲಿಸಿದ ಮೇಲೆ ಆಗುವುದಕ್ಕೂ ಉತ್ತರ ಹೇಳಲು ಯಾರಾದರೂ ಅಲ್ಲಿರಬೇಕು ಎಂಬುದಷ್ಟೇ ನನ್ನ ನಿಲುವು. ಕಡಿದವನ ಹೊಣೆ ಕತ್ತಿ ಕೆಳಗಿಟ್ಟ ದಿನ ಮುಗಿಯುವುದಿಲ್ಲ.

ಸದ್ಯಕ್ಕೆ ನಾವು ಒಪ್ಪಿಕೊಂಡದ್ದು ಹೀಗಿದೆ. ಬೇಲಿ ಹಾಕುವುದಿಲ್ಲ. ಬೆಟ್ಟದ ಮೇಲಿನ ತುದಿ ಕಾನಿಗೆ ತಾಗಿಕೊಂಡಿದೆ, ಹಕ್ಕಿ ಬರುತ್ತದೆ, ಅಲ್ಲಿ ಸೊಪ್ಪು ಕಡಿಯುವುದನ್ನು ನಿಲ್ಲಿಸುತ್ತೇವೆ. ಅಕೇಶಿಯಾ ಸಸಿ ಕಂಡರೆ ಕೀಳುತ್ತೇವೆ, ಬೇರೆ ಏನನ್ನೂ ನೆಡುವುದಿಲ್ಲ. ತೋಟದ ಪಕ್ಕದ ಭಾಗದಲ್ಲಿ ಸೊಪ್ಪು, ದರಕು ಎಂದಿನಂತೆ. ಬೇಣವನ್ನು ಊರಿನ ಒಬ್ಬ ಗೌಳಿಯವರ ದನಗಳಿಗೆ ಬಿಡುವ ಮಾತಾಗಿದೆ. ತಮ್ಮ ವರ್ಷಕ್ಕೆರಡು ಸಲ ಬಂದು ಸಸಿ ಕೀಳುವ ಕೆಲಸದಲ್ಲಿ ಇರಬೇಕು, ಹಣ ಕಳುಹಿಸಿ ತಪ್ಪಿಸಿಕೊಳ್ಳುವಂತಿಲ್ಲ ಎಂದು ಹೇಳಿದ್ದೇನೆ. ಒಪ್ಪಿದ್ದಾನೆ, ನೋಡೋಣ.

ಜಡ್ಡಿಗದ್ದೆ

ಮೇಲಿನ ತುದಿಯಲ್ಲಿ ದರಕು ಗುಡಿಸುವುದನ್ನೂ ನಿಲ್ಲಿಸುತ್ತೀರೋ? ಹಾಗಿದ್ದರೆ ಮಾರ್ಚ್ ಹೊತ್ತಿಗೆ ಮೊಣಕಾಲು ಮುಚ್ಚುವಷ್ಟು ಒಣ ಎಲೆ ಬಿದ್ದಿರುತ್ತದೆ. ದಾರಿಹೋಕರ ಒಂದು ಬೀಡಿ ಸಾಕು, ನೀವು ಉಳಿಸಿದ ಸಸಿಯೂ ಹೋಗುತ್ತದೆ, ಕಾನಿನ ಅಂಚೂ ಹೋಗುತ್ತದೆ. ಬೆಂಕಿ ರೇಖೆ ಯಾರು ಕಡಿಯುತ್ತಾರೆ?

ಹುಲೇಕಲ್ ರಸ್ತೆ (ಶಿರಸಿ)

ಅಕ್ಕಾ, ಅದನ್ನು ನಾವು ಮಾತಾಡಿಯೇ ಇರಲಿಲ್ಲ. ಎಲೆ ಅಲ್ಲಿಯೇ ಕೊಳೆತು ಮಣ್ಣಾಗಲಿ ಎಂಬುದು ತಮ್ಮನ ಆಸೆ. ಕೆಳಗಿನ ಭಾಗಕ್ಕೂ ಮೇಲಿನದಕ್ಕೂ ನಡುವೆ ಒಂದು ಕಾಲುದಾರಿ ಇದೆ. ಅದನ್ನೇ ಎರಡು ಮಾರು ಅಗಲ ಮಾಡಿ, ಜನವರಿ ಕೊನೆಯಲ್ಲಿ ಗುಡಿಸಿ ಇಡುವುದೆಂದು ಈಗ ಅವನಿಗೆ ಫೋನ್ ಮಾಡಿ ಹೇಳುತ್ತೇನೆ. ಪಕ್ಕದ ಬೆಟ್ಟದವರ ಕಡೆಯಿಂದಲೂ ಅಷ್ಟೇ ಅಗಲ ಗುಡಿಸಿದರೆ ಮಾತ್ರ ಪ್ರಯೋಜನ, ಆದ್ದರಿಂದ ಗ್ರಾಮ ಅರಣ್ಯ ಸಮಿತಿಯ ಮುಂದಿನ ಸಭೆಗೆ ವಿಷಯ ಒಯ್ಯುತ್ತೇನೆ. ಅಲ್ಲಿ ಏನಾಯಿತೆಂದು ಇಲ್ಲಿಯೇ ಬರೆಯುವೆ.